ಸಾವ್ಕಾರ ಉಣ್ಣವಲ್ಲ

ಹಿತ್ತಲ ಬಚ್ಚಲದ ಕಟ್ಟೆಯ ಪಕ್ಕ ಇರುವೆಗಳು ಮುತ್ತಿಕೊಂಡದ್ದನ್ನು ಕಂಡ ಕೂಡಲೇ ವಿದ್ಯಾವತಿಯ ಎದೆ ಧಸಕ್ಕೆಂದಿತು. ಅಲ್ಲಿ ಬೆಲ್ಲ ಚೆಲ್ಲಿರಲಿಲ್ಲ, ಹೂರಣ ಬಿದ್ದಿರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಸಾವ್ಕಾರ ಅಲ್ಲಿ ಕೂತು ಉಚ್ಚೆ ಹೊಯ್ದು ಹೋಗಿದ್ದ, ಅಷ್ಟೇ. ಬಹಳ ವರ್ಷಗಳ ಹಿಂದೆ ಇದೇ ಕಟ್ಟೆಯ ಹತ್ತಿರ ಇಂಥವೇ ಇರುವೆಗಳನ್ನು ನೋಡಿ ಅವಳು ಅತ್ತೆಯನ್ನು ಡಾಕ್ಟರ ಬಳಿ ಕರೆದೊಯ್ದಿದ್ದಳು. ಅಂದಿನಿಂದ ಅತ್ತೆ ಸಾಯುವವರೆಗೂ ಅವಳ ಕೈಯಿಂದ ಸೂಜಿ ಇಳಿದಿರಲಿಲ್ಲ.

ಸಾವ್ಕಾರ ಎಂದರೆ ಆ ಮನೆಯ ಬಾವುಗ, ಗಂಡು ಬೆಕ್ಕು. ಕಪ್ಪು ಬಿಳಿ ಮೈ, ಕೊಡದಂಥ ಹೊಟ್ಟೆ, ಗಾದಿಯ ಮೇಲೆ ಕೂತು ಲೆಕ್ಕ ಕೇಳುವವನಂಥ ಠೀವಿ. ಬಸವನ ಬಾಗೇವಾಡಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಶ್ರೀಶೈಲಪ್ಪನ ತಾಯಿ ಚನ್ನವ್ವ ಅವನಿಗೆ ಆ ಹೆಸರಿಟ್ಟವಳು. “ದುಡಿಯೂದಿಲ್ಲ, ದಣಿಯೂದಿಲ್ಲ, ಹೊತ್ತಿಗೆ ಸರಿಯಾಗಿ ತಾಟು ಮುಂದ ಬರಬೇಕು. ಇವ ಸಾವ್ಕಾರ ಅಲ್ದ ಮತ್ತ್ಯಾರು?” ಎನ್ನುತ್ತಿದ್ದಳು. ತನಗೆ ಸಿಹಿ ಬಂದ್ ಆದ ಮೇಲೆ ಮುದುಕಿ ಸೊಸೆಯ ಕಣ್ಣು ತಪ್ಪಿಸಿ ಪೇಢೆ ತರಿಸಿಕೊಳ್ಳುತ್ತಿದ್ದಳು. ಅರ್ಧ ತನ್ನ ಬಾಯಿಗೆ, ಅರ್ಧ ಬೆಕ್ಕಿನ ಬಾಯಿಗೆ. ಹಾಲು, ತುಪ್ಪ ಸವರಿದ ರೊಟ್ಟಿ, ಹಬ್ಬಕ್ಕೆ ಹೋಳಿಗೆ, ಇವುಗಳಲ್ಲೇ ಅವನ ಹೊಟ್ಟೆ ಬೆಳೆದಿತ್ತು.

ವಿದ್ಯಾವತಿ ಇಂಡಿ ತಾಲ್ಲೂಕಿನ ಸಾಲೋಟಗಿಯ ಮಗಳು. ತಂದೆ ಸಾಲಿ ಮಾಸ್ತರ. ಪಿಯುಸಿ ಮುಗಿಸಿ ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಿದ್ದ ವರ್ಷವೇ ಬಾಗೇವಾಡಿಯಿಂದ ಈ ಸಂಬಂಧ ಬಂತು. ಅತ್ತೆ ಮೊದಲು ಗಟ್ಟಿಮುಟ್ಟಾಗಿ, ಬಾಯಿಯೂ ಗಟ್ಟಿಯಾಗಿಯೇ ಇದ್ದವಳು. ಆಮೇಲೆ ಸಕ್ಕರೆ ಬೇನೆ ಬಂತು, ಕಣ್ಣು ಮಂಜಾದವು, ಕಾಲಿನ ಹುಣ್ಣು ಮಾಯದೆ ಪಾದವನ್ನೇ ತೆಗೆಯಬೇಕಾಯಿತು. ಮುಂಜಾನೆ ಒಂದು ಸೂಜಿ, ಸಂಜೆ ಒಂದು ಸೂಜಿ. ಶ್ರೀಶೈಲಪ್ಪ, “ಅವ್ವನ ಮೈಗೆ ಸೂಜಿ ಚುಚ್ಚೂದು ನನ್ನ ಕೈಲೆ ಆಗಂಗಿಲ್ಲ” ಎಂದು ಒಮ್ಮೆ ಹೇಳಿದವನು ಮತ್ತೆ ಆ ಮಾತನ್ನೇ ಎತ್ತಲಿಲ್ಲ. ಹೀಗಾಗಿ ವಿದ್ಯಾವತಿಯ ಲೋಕ ಎರಡು ಸೂಜಿಗಳ ನಡುವೆ ಎಷ್ಟು ದೂರ ಹೋಗಿ ಬರಬಹುದೋ ಅಷ್ಟಕ್ಕೆ ನಿಂತಿತು. ತಮ್ಮ ಅನೀಲಕುಮಾರನ ಮದುವೆಗೆ ಮುಂಜಾನೆಯ ಸೂಜಿ ಮುಗಿಸಿ ಹೋಗಿ, ಅಕ್ಷತೆ ಹಾಕಿ, ಊಟದ ಸಾಲಿನಿಂದಲೇ ಎದ್ದು ಬಂದಿದ್ದಳು. ಹೆತ್ತ ತಾಯಿಯ ಮಣ್ಣಿಗೆ ಹೋದಾಗಲೂ ಹೊತ್ತು ಇಳಿಯುವುದರೊಳಗೆ ತಿರುಗಿದ್ದಳು. ಮಗಳು ಭಾಗ್ಯಜ್ಯೋತಿಯನ್ನು ಸಿಂದಗಿಗೆ ಕೊಟ್ಟು ಇಷ್ಟು ದಿನವಾದರೂ ಅವಳ ಮನೆಯಲ್ಲಿ ಒಂದು ರಾತ್ರಿ ಮಲಗಿದವಳಲ್ಲ.

ಚನ್ನವ್ವ ಹೋದ ಶ್ರಾವಣದಲ್ಲಿ ತೀರಿಕೊಂಡಳು. ವಿದ್ಯಾವತಿ ಅತ್ತಳು, ಸುಳ್ಳು ಅಳು ಅಲ್ಲ. ಆದರೆ ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾಗ, ಯಾವ ಕೆಲಸವೂ ತನ್ನನ್ನು ಕರೆಯುತ್ತಿಲ್ಲ ಎಂಬುದು ಹೊಳೆದು ಅವಳಿಗೆ ಹೆದರಿಕೆಯೇ ಆಯಿತು. ಹೆದರಿಕೆ ಕಳೆದ ಮೇಲೆ ಬಂದದ್ದು ಆಸೆ. ಪ್ರತಿ ವರ್ಷ ಯುಗಾದಿಗೆ ಮುಂಚೆ ಊರಿನ ಮಂದಿ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದರು. ಪಕ್ಕದ ಮನೆಯ ಶೆಟ್ಟೆವ್ವ ಪ್ರತಿ ಸಲ ಹೋಗಿ, ಕಾಲಿನ ಬೊಬ್ಬೆ ತೋರಿಸಿ, ಕತೆ ಹೇಳುತ್ತಿದ್ದಳು. ಈ ಸಲ ತಾನೂ ಬರುತ್ತೇನೆ ಎಂದಳು ವಿದ್ಯಾವತಿ. ಶ್ರೀಶೈಲಪ್ಪ, “ನಡೀಲಿಕ್ಕೆ ಆಗತೈತೇನು ನಿನಗ?” ಎಂದು ಕೇಳಿದನೇ ಹೊರತು ಬೇಡ ಎನ್ನಲಿಲ್ಲ. ಅವಳು ದಿನಾ ನಸುಕಿನಲ್ಲಿ ಬರಿಗಾಲಲ್ಲಿ ಊರ ಹೊರಗಿನವರೆಗೆ ನಡೆದು ಪಾದ ಗಟ್ಟಿ ಮಾಡಿಕೊಳ್ಳತೊಡಗಿದಳು. ಖಟಕ್ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು.

ಆಗಲೇ ಈ ಇರುವೆಗಳು ಬಂದದ್ದು.

ಬೆಕ್ಕು ಬಹಳ ನೀರು ಕುಡಿಯುತ್ತಿದೆ ಎಂಬುದನ್ನು ಅವಳು ಗಮನಿಸಿದ್ದಳು. ಬಕೀಟಿನ ಅಂಚಿಗೆ ಕಾಲು ಕೊಟ್ಟು ನಿಂತು ಲೊಚಲೊಚ ಕುಡಿಯುತ್ತಿತ್ತು. ಎಷ್ಟು ಹಾಕಿದರೂ ತಿಂದು ಮತ್ತೆ ಕೂಗುತ್ತಿತ್ತು, ಆದರೂ ಬೆನ್ನೆಲುಬು ಕೈಗೆ ಹತ್ತುತ್ತಿತ್ತು. ಹಿಂಗಾಲುಗಳು ಹಿಮ್ಮಡಿಯವರೆಗೆ ನೆಲಕ್ಕೆ ತಾಗಿ, ಮುದುಕ ಚಪ್ಪಲಿ ಎಳೆದುಕೊಂಡು ನಡೆದಂತೆ ನಡೆಯುತ್ತಿತ್ತು.

“ಸಾವ್ಕಾರಗ ಶುಗರ್ ಬಂದೈತ್ರಿ,” ಎಂದಳು ಗಂಡನಿಗೆ.

ಶ್ರೀಶೈಲಪ್ಪ ಬಾಯೊಳಗಿನ ತುತ್ತು ಹೊರಗೆ ಬರುವ ಹಾಗೆ ನಕ್ಕ. “ಬೆಕ್ಕಿಗೆ ಶುಗರ್ ಬರತೈತೇನು? ನಾಳೆ ಹಲ್ಲಿಗೆ ಬಿ.ಪಿ. ಬಂದೈತಿ ಅಂತಿ.”

“ನಗಬ್ಯಾಡ್ರಿ. ಇರವಿ ಮುತ್ತ್ಯಾವು. ಅತ್ತೀರಿಗೂ ಹಿಂಗ ಆಗಿತ್ತು.”

ತಾಯಿಯ ಹೆಸರು ಬಂದದ್ದರಿಂದ ಅವನ ನಗು ನಿಂತಿತು. ಆದರೆ ಎದ್ದು ಕೈ ತೊಳೆದು ಅಂಗಡಿಗೆ ಹೋದ.

ಊರಿನ ದನದ ದವಾಖಾನೆಯ ಡಾಕ್ಟರರು ಒಳ್ಳೆಯವರು. ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿ, “ಎಮ್ಮಿ, ಆಡು ಆಗಿದ್ರ ನಾ ನೋಡ್ತಿದ್ನಿ. ಇದಕ್ಕ ವಿಜಯಪುರಕ್ಕ ಹೋಗ್ರಿ, ನಾಯಿ ಬೆಕ್ಕು ನೋಡೂ ಡಾಕ್ಟರ್ ಬಾಯಾರು ಅದಾರ,” ಎಂದು ವಿಳಾಸ ಕೊಟ್ಟರು. ವಿದ್ಯಾವತಿ ರೊಟ್ಟಿಯ ಬುಟ್ಟಿಯಲ್ಲಿ ಸಾವ್ಕಾರನನ್ನು ಕೂರಿಸಿ, ಮೇಲೆ ಹಳೆಯ ಸೀರೆ ಕಟ್ಟಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವನು ಕೂಗಿದ. ಬಸ್ಸಿನವರೆಲ್ಲ ತಿರುಗಿ ತಿರುಗಿ ನೋಡಿದರು.

ವಿಜಯಪುರದ ಡಾಕ್ಟರ್ ಪ್ರಜ್ಞಾ ಸಿಂದಗಿ ಕಡೆಯವಳು. ಮಗಳ ವಯಸ್ಸಿನ ಹುಡುಗಿ. ಕಿವಿಯ ತುದಿ ಚುಚ್ಚಿ ರಕ್ತ ನೋಡಿದಳು, ಉಚ್ಚೆ ನೋಡಿದಳು. “ನಿಮ್ಮ ಮಾತು ಖರೆ ಐತಿ ಅಕ್ಕಾರ. ಶುಗರ್ ಭಾಳ ಏರೇತಿ. ಅನಮಾನ ಹೆಂಗ ಬಂತು ನಿಮಗ?”

“ಇರವಿ ನೋಡಿದ್ನಿರಿ ಬಾಯಾರ. ನಮ್ಮ ಅತ್ತೀರಿಗೆ ಸೂಜಿ ಮಾಡತಿದ್ನಿ.”

“ಹಂಗಾರ ಇನ್ಸುಲಿನ್ ಬಗ್ಗೆ ನಿಮಗ ಹೇಳೂದ ಬ್ಯಾಡ. ಮುಂಜಾನೆ ಒಂದು, ಸಂಜಿಗೆ ಒಂದು. ಭಾಳ ಸಣ್ಣ ಡೋಸು. ಒಂದ ಮಾತು ನೆನಪಿಡ್ರಿ. ಉಂಡ ಮ್ಯಾಲೆ ಸೂಜಿ. ಉಣ್ಣದ ಸೂಜಿ ಕೊಟ್ರ ಶುಗರ್ ಒಮ್ಮೆಲೆ ಇಳದು ಜೀವಕ್ಕ ಕುತ್ತು ಬರತೈತಿ. ಹಂಗಂತ ಸೂಜಿ ಪೂರ್ತಿ ಬಿಟ್ರೂ ಕುತ್ತ.”

ವಿದ್ಯಾವತಿ ತಲೆಯಾಡಿಸಿದಳು. ಆ ಮಾತು ಅವಳಿಗೆ ಹೊಸದಲ್ಲ. ಹೊಸದಾಗಿದ್ದದ್ದು ಮುಂದಿನ ಮಾತು.

“ಮತ್ತ ಇವತ್ತಿಂದ ಹಾಲು, ರೊಟ್ಟಿ, ಅನ್ನ ಎಲ್ಲಾ ಬಂದ್. ಬೆಕ್ಕಿಗೆ ಬೇಕಾಗಿದ್ದು ಮಾಂಸ. ಕುದಿಸಿದ ಕೋಳಿ ಹಾಕ್ರಿ.”

“ನಾವು ಲಿಂಗಾಯತರರಿ ಬಾಯಾರ. ನಮ್ಮ ಮನ್ಯಾಗ ತತ್ತಿ ಸೈತ ಹೊಸ್ತಿಲಾ ದಾಟಿಲ್ಲ.”

ಪ್ರಜ್ಞಾ ನಕ್ಕಳು. “ನೀವು ಲಿಂಗಾಯತರು ಖರೆ ಅಕ್ಕಾರ. ಬೆಕ್ಕು ಅಲ್ಲಲ್ಲ.” ಆಮೇಲೆ ಅವಳ ಮುಖ ನೋಡಿ, ಸಕ್ಕರೆ ಬೇನೆಯ ಬೆಕ್ಕಿಗೆಂದೇ ಬರುವ ಪಾಕೀಟಿನ ಆಹಾರವನ್ನು ಕೊಟ್ಟಳು. “ಇದನ್ನರೆ ಹಾಕಿ ನೋಡ್ರಿ. ಏನರೆ ಆದ್ರ ಫೋನ್ ಮಾಡ್ರಿ.”

ಮನೆಗೆ ಬಂದು ವಿದ್ಯಾವತಿ ಫ್ರಿಜ್ಜಿನ ಬಾಗಿಲಲ್ಲಿ, ಅತ್ತೆಯ ಔಷಧಿ ಇರುತ್ತಿದ್ದ ಜಾಗದಲ್ಲೇ, ಹೊಸ ಬಾಟಲಿ ಇಟ್ಟಳು. ಆ ಜಾಗವನ್ನು ತೊಳೆದು ಒರೆಸಿ ಉಪ್ಪಿನಕಾಯಿ ಇಟ್ಟಿದ್ದಳು. ಉಪ್ಪಿನಕಾಯಿ ಬೇರೆ ಕಡೆ ಹೋಯಿತು.

ಓಣಿಯಲ್ಲಿ ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಶೆಟ್ಟೆವ್ವ ಬಂದು ಸೆರಗು ಬಾಯಿಗೆ ಹಚ್ಚಿ ನಕ್ಕಳು. “ಯವ್ವಾ ವಿದ್ಯಾ, ಚನ್ನವ್ವ ನಿನ್ನ ಬಿಡಾಕಿ ಅಲ್ಲ ನೋಡು. ಬೆಕ್ಕಾಗಿ ಬಂದು ಕುಂತಾಳ.” ವಿದ್ಯಾವತಿಯೂ ನಕ್ಕಳು. ಶೆಟ್ಟೆವ್ವ ಹೋದ ಮೇಲೆ ಗೋಡೆಯ ಮೇಲಿನ ಅತ್ತೆಯ ಫೋಟೋದ ಕಡೆ ಒಮ್ಮೆ ನೋಡಿ ಸೂಜಿಗೆ ಎದ್ದಳು.

ಮುದ್ದೇಬಿಹಾಳದಿಂದ ನಾದಿನಿ ಸುಮಿತ್ರಾಬಾಯಿ ಫೋನಿನಲ್ಲೇ ಅತ್ತಳು. “ವೈನಿ, ಅವ್ವನ ಜೀವ ಅವನ ಮ್ಯಾಲೆ ಇತ್ತು. ಚಂದಂಗಿ ನೋಡ್ಕೋರಿ. ಅವ ಹೋದ್ರ ನನಗ ಅವ್ವನ್ನ ಎಲ್ಡನೇ ಸಲ ಕಳಕೊಂಡಂಗ.”

“ನಾ ಶ್ರೀಶೈಲಕ್ಕ ಹೊಂಟೇನಿ ಸುಮಿತ್ರಾ. ಅಷ್ಟ ದಿನ ಅವನ್ನ ನೀ ಇಟ್ಕೋತಿ ಏನು? ಸೂಜಿ ಮಾಡೂದು ನಾ ಕಲಸ್ತೇನಿ.”

“ನಮ್ಮವರಿಗೆ ಬೆಕ್ಕಿನ ಕೂದಲಾ ಆಗಂಗಿಲ್ರಿ ವೈನಿ. ಸೀನು ಬರತಾವು.”

ಮೊದಲ ಕೆಲವು ದಿನ ಸಾವ್ಕಾರ ಮೂಗು ಮುರಿಯುತ್ತಲೇ ಪಾಕೀಟಿನ ಕಾಳು ತಿಂದ. ಸೂಜಿಗೆ ಅವನು ಗಲಾಟೆ ಮಾಡಲಿಲ್ಲ. ಹೆಗಲ ಹತ್ತಿರದ ತೊಗಲು ಎತ್ತಿ ಚುಚ್ಚಿದರೆ ಕಿವಿ ಒಮ್ಮೆ ಅಲುಗುತ್ತಿತ್ತು, ಅಷ್ಟೇ. ಅತ್ತೆಯಾದರೂ ಬೈಯುತ್ತಿದ್ದಳು. ವಿದ್ಯಾವತಿ ತಾನು ಹೊರಡುವುದರೊಳಗೆ ಇವನು ಒಂದು ಹದಕ್ಕೆ ಬಂದಾನು, ಗಂಡನಿಗೆ ಹೇಳಿಕೊಟ್ಟು ಹೋಗಬಹುದು ಎಂದು ಲೆಕ್ಕ ಹಾಕಿದಳು.

ಆಮೇಲೆ ಅವನು ಉಣ್ಣುವುದನ್ನೇ ನಿಲ್ಲಿಸಿದ.

ತಟ್ಟೆಯ ಹತ್ತಿರ ಬರುತ್ತಿದ್ದ, ಮೂಸುತ್ತಿದ್ದ, ತುಟಿ ನೆಕ್ಕಿಕೊಳ್ಳುತ್ತಿದ್ದ. ಆಮೇಲೆ ಹೇಲಿಗೆ ಮಣ್ಣು ಎಳೆಯುವಂತೆ ತಟ್ಟೆಯ ಸುತ್ತ ನೆಲ ಕೆರೆದು ದೂರ ಹೋಗಿ, ಚನ್ನವ್ವನ ಮಂಚದ ಕೆಳಗೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಕಾಳನ್ನು ನೀರಲ್ಲಿ ನೆನೆಸಿದಳು, ಬೆಚ್ಚಗೆ ಮಾಡಿದಳು, ಬೆರಳಿಂದ ತುಟಿಗೆ ಹಚ್ಚಿದಳು. ಕೊನೆಗೆ ಡಾಕ್ಟರರ ಮಾತು ಮೀರಿ ಹಾಲನ್ನೂ ಮುಂದಿಟ್ಟಳು. ಹಾಲನ್ನು ಕಂಡರೆ ಬಿಡದಿದ್ದವನು ಅದನ್ನೂ ಒಲ್ಲೆ ಎಂದ.

ಮುಂಜಾನೆಯ ಸೂಜಿಯ ಹೊತ್ತು ಬಂತು. ವಿದ್ಯಾವತಿ ಸಿರಿಂಜ್ ಹಿಡಿದು ಮಂಚದ ಪಕ್ಕ ಕೂತಳು. ಚುಚ್ಚಿದರೆ ಸಾಯಬಹುದು, ಚುಚ್ಚದಿದ್ದರೂ ಸಾಯಬಹುದು. ಅಡಕೊತ್ತಿನಲ್ಲಿ ಸಿಕ್ಕ ಅಡಿಕೆ ಎಂದು ಮಂದಿ ಆಡುವುದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಅತ್ತೆಯ ಕಾಲದಲ್ಲಿ ಹೀಗಾಗಿರಲಿಲ್ಲ. ಅತ್ತೆಗೆ “ಉಣ್ರಿ” ಎಂದರೆ ಬೈದಾದರೂ ಉಣ್ಣುತ್ತಿದ್ದಳು. ಇವನಿಗೆ ಏನೆಂದು ಹೇಳುವುದು?

ಪ್ರಜ್ಞಾ ಫೋನಿನಲ್ಲಿ, “ಡೋಸು ಅರ್ಧಕ್ಕ ಇಳಸ್ರಿ, ಅದೂ ಸ್ವಲ್ಪರೆ ತಿಂದ್ರ. ಏನೂ ತಿನ್ನದಿದ್ರ ಕೊಡಬ್ಯಾಡ್ರಿ, ನನಗ ತಿಳಸ್ರಿ. ಬೆಕ್ಕು ಉಪವಾಸ ಭಾಳ ದಿನ ತಡೀಯಂಗಿಲ್ಲ ಅಕ್ಕಾರ, ಲಿವರ್ ಕೆಡತೈತಿ,” ಎಂದಳು.

ಮರುದಿನ ಅವನು ನೆನೆಸಿದ ಕಾಳಿನ ರಸವನ್ನಷ್ಟು ನೆಕ್ಕಿದ. ಅವಳಿಗೆ ಎಷ್ಟು ಹಿಗ್ಗಾಯಿತೆಂದರೆ ನೆಕ್ಕಿದ್ದನ್ನೇ ಊಟ ಎಂದುಕೊಂಡು ಅರ್ಧ ಸೂಜಿ ಕೊಟ್ಟಳು. ಅವನು ಹಿತ್ತಲಿಗೆ ಹೋಗಿ ನೆಕ್ಕಿದ್ದನ್ನೆಲ್ಲ ವಾಂತಿ ಮಾಡಿದ್ದನ್ನು ಅವಳು ನೋಡಲಿಲ್ಲ. ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದಾಗ ಒರಳುಕಲ್ಲಿನ ಪಕ್ಕ ಸಾವ್ಕಾರ ಬಿದ್ದಿದ್ದ. ಎದ್ದು ನಿಲ್ಲಲು ನೋಡಿದ, ಕುಡಿದವನಂತೆ ಓಲಾಡಿ ಮತ್ತೆ ಬಿದ್ದ. ಕಣ್ಣು ಅಗಲವಾಗಿ ತೆರೆದಿದ್ದವು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಕುತ್ತಿಗೆ ಒಂದು ಕಡೆ ಎಳೆಯುತ್ತಿತ್ತು.

ಏನು ಮಾಡಬೇಕೆಂದು ಅವಳ ಕಾಲಿಗೇ ಗೊತ್ತಿತ್ತು. ಅಡಿಗೆಮನೆಗೆ ಓಡಿ ಬೆಲ್ಲ ನೀರಲ್ಲಿ ಕಿವುಚಿ, ಬೆರಳಿನಿಂದ ಅವನ ವಸಡಿಗೆ ಹಚ್ಚಿದಳು. ಮತ್ತೆ ಹಚ್ಚಿದಳು. ಮತ್ತೆ ಹಚ್ಚಿದಳು. ಅವನ ಹಲ್ಲು ಬೆರಳಿಗೆ ಕಚ್ಚಿ ರಕ್ತ ಬಂದರೂ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅವನು ಒಮ್ಮೆ ಸೀನಿ, ತಲೆ ಎತ್ತಿ, ಬೆಲ್ಲದಿಂದ ಅಂಟಾದ ತನ್ನ ಮೂತಿಯನ್ನು ತಾನೇ ನೆಕ್ಕಿಕೊಂಡ. ವಿದ್ಯಾವತಿ ಅಲ್ಲೇ ಒದ್ದೆ ನೆಲದ ಮೇಲೆ ಕೂತಳು.

ಪಾತ್ರೆ ತಿಕ್ಕಲು ಬರುತ್ತಿದ್ದ ಹುಲಿಗೆವ್ವ ಇದನ್ನೆಲ್ಲ ನೋಡುತ್ತಿದ್ದಳು. ಊರ ಆಚೆ ಬದಿಯ ಕೇರಿಯವಳು, ಈ ಮನೆಯ ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದ ಹೋಗುವವಳು. “ಅಕ್ಕಾರ, ನಿಮ್ಮ ಮನ್ಯಾಗ ಆಗಂಗಿಲ್ಲಂದ್ರ ಅವನ್ನ ನಮ್ಮ ಮನಿಗೆ ಕರ್ಕೊಂಡ ಬರ್ರಿ. ನಮ್ಮವರು ಇವತ್ತ ಕೋಳಿ ತಂದಾರ. ಉಪ್ಪು ಖಾರ ಹಾಕದ ಎಲ್ಡ ತುಣುಕು ಕುದಸ್ತೇನಿ.”

ಅದೇ ಬುಟ್ಟಿ, ಅದೇ ಹಳೆಯ ಸೀರೆ. ವಿದ್ಯಾವತಿ ಓಣಿಯ ಕಣ್ಣುಗಳನ್ನು ದಾಟಿ ಕೇರಿಗೆ ಹೋದಳು. ಗೋಡೆಗೆ ಗಿಲಾವು ಮಾಡಿದ, ನೀಲಿ ಬಣ್ಣದ ಚೊಕ್ಕ ಮನೆ. ಹುಲಿಗೆವ್ವನ ಗಂಡ ಗುರಪ್ಪ ಎದ್ದು ನಿಂತು ಕುರ್ಚಿ ಕೊಟ್ಟ. ವಿದ್ಯಾವತಿ ಹೊಸ್ತಿಲ ಹೊರಗೇ ನಿಂತಿದ್ದಳು.

“ಒಳಗ ಬರ್ರಿ ಅಕ್ಕಾರ,” ಎಂದಳು ಹುಲಿಗೆವ್ವ. ಆಮೇಲೆ, ಪಾತ್ರೆಯ ಮುಚ್ಚಳ ತೆಗೆಯುತ್ತ, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ ಹೇಳಿದಳು, “ನನ್ನ ಮಗನ ಲಗ್ನಕ್ಕ ಕರದ್ರೂ ಬಂದಿರಲಿಲ್ಲ ನೀವು. ಬೆಕ್ಕಿನ ಸಲುವಾಗಿ ಬಂದ್ರಿ.”

“ಆವಾಗ ಅತ್ತೀರ ಸೂಜಿ ಇತ್ತಲ್ಲ ಹುಲಿಗೆವ್ವ,” ಎಂದು ವಿದ್ಯಾವತಿಯ ಬಾಯಿಗೆ ಬಂತು. ಆದರೆ ಕೇರಿಯ ಆ ಮನೆಗೆ ಹೋಗಿ ಬರಲು ಎರಡು ಸೂಜಿಗಳ ನಡುವೆ ಬೇಕಾದಷ್ಟು ಹೊತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಒಳಗೆ ಹೋಗಿ ಕೂತಳು. ಕೊಟ್ಟ ಚಹಾ ಕುಡಿದಳು.

ಸಾವ್ಕಾರ ಅಲ್ಲಿಯೂ ಉಣ್ಣಲಿಲ್ಲ. ಹೊಸ ಮನೆ, ಹೊಸ ವಾಸನೆ, ಹೊರಗೆ ನಾಯಿಗಳ ಕೂಗು. ಬುಟ್ಟಿಯಿಂದ ಹೊರಗೆ ಬರಲೇ ಇಲ್ಲ. ಕೋಳಿಯ ತುಣುಕನ್ನು ಹುಲಿಗೆವ್ವ ಮೂಗಿನ ಹತ್ತಿರ ಹಿಡಿದರೆ ಓಕರಿಸಿದ. ಬಾಗಿದ ಬೆನ್ನು ಇನ್ನಷ್ಟು ಬಾಗಿತು.

ಪಾದಯಾತ್ರೆಯವರು ಹೊರಡುವ ಮುಂಜಾನೆ ಬಂತು. ಬೀದಿಯಲ್ಲಿ ಶ್ರೀಶೈಲದ ಮಲ್ಲಯ್ಯನ ಹೆಸರು ಹೇಳುವ ದನಿಗಳು ಕೇಳುತ್ತಿದ್ದವು. ಶೆಟ್ಟೆವ್ವ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಿಗೆ ಬಂದಳು. ಈ ಸಲ ನಗಲಿಲ್ಲ. “ಮುಂದಿನ ವರ್ಷ ಬರಾಕಂತಿ ತೊಗೊ ಯವ್ವಾ. ಮಲ್ಲಯ್ಯ ಎಲ್ಲಿ ಹೋಗತಾನ?”

ವಿದ್ಯಾವತಿ ತನಗೆಂದು ಕಟ್ಟಿಟ್ಟಿದ್ದ ರೊಟ್ಟಿಯ ಗಂಟನ್ನು, ಶೇಂಗಾ ಹಿಂಡಿಯ ಡಬ್ಬಿಯನ್ನು ಅವಳ ಕೈಗೆ ಕೊಟ್ಟಳು. ಮಂದಿ ಮುದ್ದೇಬಿಹಾಳದ ರಸ್ತೆ ಹಿಡಿದು ಹೋದರು. ದನಿ ಸಣ್ಣದಾಗುತ್ತ ಹೋಯಿತು. ಗಟ್ಟಿಯಾದ ತನ್ನ ಹಿಮ್ಮಡಿಗಳನ್ನು ನೋಡಿಕೊಂಡು ಅವಳು ಬಾಗಿಲಲ್ಲಿ ನಿಂತಳು. ಆಮೇಲೆ ಒಳಗೆ ಬಂದು ಮಂಚದ ಕೆಳಗೆ ಬಾಗಿದಳು. ಸಾವ್ಕಾರ ಹಾಗೆಯೇ ಗೋಡೆಗೆ ಮುಖ ಮಾಡಿದ್ದ.

“ಸತ್ತಾದ್ರೂ ಹೋಗಬಾರದ ನೀ?” ಎಂದಳು. “ಉಣ್ಣೂದಿಲ್ಲ, ಸಾಯೂದಿಲ್ಲ. ನನ್ನ ಹಿಡಕೊಂಡು ಕುಂತಿ. ಸತ್ತು ಹೋಗು. ನಾನರೆ ಬದುಕತೇನಿ.”

ಹೇಳಿ ತಲೆ ಎತ್ತಿದರೆ ಬಾಗಿಲಲ್ಲಿ ಶ್ರೀಶೈಲಪ್ಪ ನಿಂತಿದ್ದ. ನಾಷ್ಟಾಕ್ಕೆಂದು ಅಂಗಡಿಯಿಂದ ಬಂದಿದ್ದ.

“ಅವ್ವನ ಬೆಕ್ಕಿಗೆ ಹಂಗ ಅಂತಿ?” ಎಂದ. “ಅವ್ವ ಇದ್ದಾಗೂ ಮನಸಿನ್ಯಾಗ ಹಂಗ ಅಂತಿದ್ದೇನು?”

ವಿದ್ಯಾವತಿ ನಿಧಾನಕ್ಕೆ ಎದ್ದು ನಿಂತಳು. ಗಂಡನ ಎದುರು ಅವಳು ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ.

“ಹೌದ್ರಿ. ಕೆಲವು ದಿನ ಅಂತಿದ್ನಿ. ಅಂದು, ಕೈ ತೊಳಕೊಂಡು, ಸೂಜಿ ಮಾಡತಿದ್ನಿ. ನೀವು ಯಾವತ್ತೂ ಹಂಗ ಅಂದಿಲ್ಲ, ನನಗ ಗೊತ್ತೈತಿ. ನೀವು ಒಂದ ದಿನಾನೂ ಸೂಜಿ ಹಿಡೀಲಿಲ್ಲಲ್ಲ. ಹಂಗ ಅನ್ನೂ ಪ್ರಸಂಗ ನಿಮಗ ಬರಲಿಲ್ಲ.”

ಶ್ರೀಶೈಲಪ್ಪ ಒಳಗೆ ಬಂದು ತಾಯಿಯ ಮಂಚದ ಮೇಲೆ ಕೂತ. ಕೂತ ಭಾರಕ್ಕೆ ಮಂಚ ಕಿರ್ರೆಂದಿತು, ಕೆಳಗಿನಿಂದ ಬೆಕ್ಕು ಸಣ್ಣಗೆ ಕೂಗಿತು. ಆ ಕೂಗು ಬಡಕಲಾಗಿತ್ತು. ಅವನು ಬಗ್ಗಿ, ಬಹಳ ದಿನಗಳ ಮೇಲೆ, ಸಾವ್ಕಾರನನ್ನು ಸರಿಯಾಗಿ ನೋಡಿದ. ಕೊಡದಂಥ ಹೊಟ್ಟೆ ಖಾಲಿ ಚೀಲದ ಹಾಗೆ ಜೋತುಬಿದ್ದಿತ್ತು. ಕಿವಿಯ ಒಳಗಡೆ ಅರಿಸಿನ ಬಣ್ಣ ಬಂದಿತ್ತು.

“ಬುಟ್ಟಿ ಎಲ್ಲಿ ಐತಿ?” ಎಂದ. “ವಿಜಯಪುರಕ್ಕ ಹೋಗೂಣು ನಡಿ.”

ಗೊಬ್ಬರದ ಚೀಲ ಸಾಗಿಸುವ ಅಂಗಡಿಯ ಗಾಡಿಯಲ್ಲಿ ಹೊರಟರು. ಬುಟ್ಟಿ ಅವಳ ತೊಡೆಯ ಮೇಲಿತ್ತು. ಈ ಸಲ ಸಾವ್ಕಾರ ಕೂಗಲಿಲ್ಲ, ಅದೇ ಅವಳಿಗೆ ಹೆಚ್ಚಿನ ಭಯ. ಅರ್ಧ ದಾರಿ ಕಳೆದ ಮೇಲೆ ಶ್ರೀಶೈಲಪ್ಪ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದ.

“ನಾ ಹೆದರತಿದ್ನಿ ವಿದ್ಯಾ. ಅವ್ವಗ ನೋವು ಮಾಡಿಬಿಡ್ತೇನಿ ಅಂತ.”

“ನಾನೂ ಹೆದರತಿದ್ನಿರಿ,” ಎಂದಳು ಅವಳು. “ನನ್ನ ಯಾರೂ ಕೇಳಲಿಲ್ಲ.”

ಪ್ರಜ್ಞಾ ಹೊಟ್ಟೆಯ ಸ್ಕ್ಯಾನ್ ಮಾಡಿದಳು. ಹೊಟ್ಟೆಯೊಳಗೆ ಇನ್ಸುಲಿನ್ ತಯಾರು ಮಾಡುವ ಗ್ರಂಥಿಯೇ ಬಾತುಕೊಂಡಿದೆ ಎಂದಳು. “ಇವಗ ಹಸಿವಿಲ್ಲ ಅಂತಲ್ಲ ಅಕ್ಕಾರ. ಹೊಟ್ಟಿ ತೊಳಸಾಕತ್ತೈತಿ. ಅದಕ್ಕ ಮೂಸತಾನ, ತುಟಿ ನೆಕ್ಕತಾನ, ಹೊಳ್ಳಿ ಹೋಗತಾನ. ಬಸುರಿ ಹೆಂಗಸರಿಗೆ ಒಗ್ಗರಣಿ ವಾಸನಿ ಆಗೂದಿಲ್ಲಲ್ಲ, ಹಂಗ. ಇನ್ನೊಂದೆಲ್ಡ ದಿನ ತಡದಿದ್ರ ಕೈ ಮೀರತಿತ್ತು.”

ವಾಕರಿಕೆ ನಿಲ್ಲಿಸುವ ಇಂಜೆಕ್ಷನ್ ಕೊಟ್ಟಳು, ನೋವಿನದನ್ನೂ ಕೊಟ್ಟಳು, ತೊಗಲಿನ ಕೆಳಗೆ ಸಲೈನ್ ಹಾಕಿದಳು. ಬೆನ್ನ ಮೇಲೆ ಗಂಟೆದ್ದ ಸಾವ್ಕಾರ ಸಣ್ಣ ಒಂಟೆಯ ಹಾಗೆ ಕೂತಿದ್ದ. ಹೊತ್ತು ಇಳಿಯುವವರೆಗೆ ಅಲ್ಲಿಯೇ ಇಟ್ಟುಕೊಂಡು, ಮನೆಯಲ್ಲಿ ಕೊಡಬೇಕಾದ ಗುಳಿಗೆ ಕೊಟ್ಟು ಕಳಿಸಿದಳು. “ಏನ ತಿಂತಾನೋ ಅದನ್ನ ಕೊಡ್ರಿ ಈಗ. ಬೆಚ್ಚಗ ಮಾಡಿ, ವಾಸನಿ ಬರೂ ಹಂಗ,” ಎಂದಳು. ಆಮೇಲೆ ಶ್ರೀಶೈಲಪ್ಪನ ಕಡೆ ನೋಡಿ, “ಕೋಳಿ,” ಎಂದಳು. ಅವನು ಕೆಮ್ಮಿದ.

ಮರುದಿನ ಮುಂಜಾನೆ ಹುಲಿಗೆವ್ವ ಕೆಲಸಕ್ಕೆ ಬರುವಾಗ ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಸ್ಟೀಲಿನ ಡಬ್ಬಿ ತಂದಳು. ವಿದ್ಯಾವತಿ ಹೇಳಿ ಕಳಿಸಿದ್ದಳು. ಹಿತ್ತಲಲ್ಲಿ ಬಿಸಿನೀರಿನ ಬೋಗುಣಿಯಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿದರು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ವಿದ್ಯಾವತಿ ಸೆರಗನ್ನು ಮೂಗಿಗೆ ಹಿಡಿದಳು.

“ನಾ ತಿನಸ್ಲೇನ್ರಿ?” ಎಂದಳು ಹುಲಿಗೆವ್ವ.

“ನಿನ್ನ ಕೈ ಅವಗ ರೂಢಿ ಇಲ್ಲ. ನಾನ ಹಿಡೀತೇನಿ.”

ಅವಳು ಎರಡು ಬೆರಳಲ್ಲಿ ಕೋಳಿಯ ಎಳೆಯೊಂದನ್ನು ಎತ್ತಿದಳು. ಮೆತ್ತಗಿತ್ತು. ಇಷ್ಟೇನಾ ಎನ್ನಿಸಿತು, ಅಯ್ಯೋ ಎಂದೂ ಎನ್ನಿಸಿತು. ಕೊರಳಲ್ಲಿದ್ದ ಲಿಂಗವನ್ನು ಎಡಗೈಯಿಂದ ಸೆರಗಿನೊಳಗೆ ಸರಿಸಿ, ಬಲಗೈಯನ್ನು ಸಾವ್ಕಾರನ ಮೂಗಿನ ಹತ್ತಿರ ಒಯ್ದಳು. ಅವನು ಮೂಸಿದ. ಮುಖ ತಿರುಗಿಸಿದ. ಅವಳು ಕೈ ತೆಗೆಯಲಿಲ್ಲ. ಅವನು ಮತ್ತೆ ಮೂಸಿ, ಬೆರಳ ತುದಿಯನ್ನು ಒಮ್ಮೆ ನೆಕ್ಕಿದ. ಆಮೇಲೆ ತಲೆ ಓರೆ ಮಾಡಿ ಎಳೆಯನ್ನು ಬಾಯೊಳಗೆ ಎಳೆದುಕೊಂಡ. ಅಗಿಯುವ ಸದ್ದು ಕೇಳಿಸಿತು.

“ಉಂಡ!” ಎಂದಳು ಹುಲಿಗೆವ್ವ, ಕೂಸು ಮೊದಲ ತುತ್ತು ತಿಂದಾಗ ಹೇಳುವ ಹಾಗೆ.

ಅಡಿಗೆಮನೆಯ ಬಾಗಿಲಲ್ಲಿ ಶ್ರೀಶೈಲಪ್ಪ ನಿಂತಿದ್ದ. ಹೆಂಡತಿಯ ಕೈ ನೋಡಿದ, ಡಬ್ಬಿ ನೋಡಿದ, ಗೋಡೆಯ ಮೇಲಿನ ತಾಯಿಯ ಫೋಟೋದ ಕಡೆ ಒಮ್ಮೆ ನೋಡಿದ. “ಹಿತ್ತಲದಾಗ ಇರಲಿ. ಒಳಗ ಬ್ಯಾಡ,” ಎಂದಷ್ಟೇ ಹೇಳಿ ಹೋದ. ಸಂಜೆ ಬರುವಾಗ ಒಂದು ಸಣ್ಣ ಪಾತೇಲಿ, ಒಂದು ಚಮಚ ತಂದು ಹಿತ್ತಲ ಗೂಡಿನಲ್ಲಿಟ್ಟ. ವಿದ್ಯಾವತಿ ಎರಡನೇ ಸಲ ಸ್ನಾನ ಮಾಡಿ ಲಿಂಗಪೂಜೆಗೆ ಕೂತಳು. ಆ ದಿನ ಪೂಜೆಯಲ್ಲಿ ಅವಳಿಗೆ ಮನಸ್ಸು ನಿಲ್ಲಲಿಲ್ಲ. ಮುಂದಿನ ಸೂಜಿಗೆ ಇನ್ನೂ ಎಷ್ಟು ಹೊತ್ತಿದೆ ಎಂದೇ ಲೆಕ್ಕ ಹಾಕುತ್ತಿದ್ದಳು.

ಸುದ್ದಿ ಕೇಳಿ ಸುಮಿತ್ರಾಬಾಯಿ ಮುದ್ದೇಬಿಹಾಳದಿಂದ ಫೋನ್ ಮಾಡಿದಳು. “ಅವ್ವನ ಮನ್ಯಾಗ ಕೋಳಿ ಬೇಯಸಾಕತ್ತೀರಂತ, ಖರೆ ಏನ್ರಿ ವೈನಿ?”

“ಖರೆ. ನಿನಗ ಬ್ಯಾಸರಾದ್ರ ಬಂದು ಅವನ್ನ ಒಯ್ಯಿ. ಸೀನು ಬಂದ್ರ ಗುಳಿಗಿ ಸಿಗತಾವು.”

ಸುಮಿತ್ರಾಬಾಯಿ ಮುದ್ದೇಬಿಹಾಳದ ಬಿಸಿಲಿನ ಬಗ್ಗೆ ಮಾತು ತೆಗೆದಳು.

ಸಾವ್ಕಾರ ಬದುಕಿದ. ಹಾಗೆಂದು ಕತೆ ಸುಖವಾಗಿ ಮುಗಿಯಿತು ಎನ್ನುವ ಹಾಗಿಲ್ಲ. ಅವನ ಹಿಂಗಾಲು ಪೂರ್ತಿ ನೆಟ್ಟಗಾಗಲಿಲ್ಲ. ಒಮ್ಮೊಮ್ಮೆ ಒಂದು ಹೊತ್ತು ಉಣ್ಣದೆ ಕೂತರೆ ಮನೆಯೆಲ್ಲ ಉಸಿರು ಬಿಗಿಹಿಡಿಯುತ್ತಿತ್ತು. ದಿನಕ್ಕೆ ಎರಡು ಸೂಜಿ ತಪ್ಪಲಿಲ್ಲ. ಪಾದಯಾತ್ರೆಯಿಂದ ತಿರುಗಿ ಬಂದ ಶೆಟ್ಟೆವ್ವ ಕಾಲಿನ ಬೊಬ್ಬೆ ತೋರಿಸುವಾಗ ವಿದ್ಯಾವತಿ ಕತೆ ಪೂರ್ತಿ ಕೇಳಲಾರದೆ, “ಹೊತ್ತಾತು ಅಕ್ಕಾ,” ಎಂದು ಎದ್ದು ಹೋಗುತ್ತಿದ್ದಳು. ಅತ್ತೆಯ ಕಾಲದ ಕೈಕೋಳ ಸ್ವಲ್ಪ ಸಣ್ಣದಾಗಿ ಮತ್ತೆ ಕೈಗೆ ಬಿದ್ದಿತ್ತು, ಅಷ್ಟೇ.

ಒಂದು ಮಾತ್ರ ಬೇರೆಯಾಗಿತ್ತು. ಮಳೆಗಾಲ ಶುರುವಾಗುವ ಮುಂಚೆ ಅವಳು ಗಂಡನನ್ನು ಹಿತ್ತಲಲ್ಲಿ ಕೂರಿಸಿ ಸಿರಿಂಜ್ ಕೈಗೆ ಕೊಟ್ಟಳು. ಅವನು ಬೆವತ. ಮೊದಲ ಸಲ ಸೂಜಿ ತೊಗಲಿನ ಈ ಕಡೆ ಹೊಕ್ಕು ಆ ಕಡೆ ಹೊರಬಂದು ಔಷಧಿಯೆಲ್ಲ ಕೂದಲಿಗೆ ಹೋಯಿತು. ಎರಡನೇ ಸಲ ಸಾವ್ಕಾರ ತಿರುಗಿ ಗುರ್ರೆಂದ, ಶ್ರೀಶೈಲಪ್ಪ ಎದ್ದು ಓಡಿದ. “ಕೂಡ್ರಿ,” ಎಂದಳು ವಿದ್ಯಾವತಿ. ಅವನು ಬಂದು ಕೂತ. ದಿನಾ ಕೂರಿಸಿದಳು. ಬೀಜದ ಹಂಗಾಮು, ಅಂಗಡಿಯಲ್ಲಿ ರೈತರ ಸಾಲು, ಯಾವ ನೆವವನ್ನೂ ಕೇಳಲಿಲ್ಲ.

ಕಾರ ಹುಣ್ಣಿಮೆಗೆ ತಮ್ಮ ಅನೀಲಕುಮಾರ ತವರಿಗೆ ಕರೆದ. ಅವಳು ಒಂದು ಚೀಲದಲ್ಲಿ ಎರಡು ಸೀರೆ ಹಾಕಿಕೊಂಡು ಇಂಡಿಯ ಬಸ್ಸು ಹತ್ತಿದಳು. ಮೊಮ್ಮಗುವನ್ನು ಕರೆದುಕೊಂಡು ಭಾಗ್ಯಜ್ಯೋತಿ ಸಿಂದಗಿಯಿಂದ ನೇರ ಅಲ್ಲಿಗೇ ಬಂದಿದ್ದಳು. ಸಾಲೋಟಗಿಯ ಮನೆಯಂಗಳದಲ್ಲಿ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ಎಲ್ಲರೂ ಮಾತಾಡುತ್ತಿದ್ದರು, ಅವಳೂ ಮಾತಾಡುತ್ತಿದ್ದಳು. ಹೊತ್ತು ಇಳಿಯುತ್ತ ಬಂದಂತೆ ಅವಳ ಮಾತು ಕಡಿಮೆಯಾಯಿತು. ಸೂಜಿಯ ಹೊತ್ತಿಗೆ ಸರಿಯಾಗಿ ಕಾಲುಗಳು ತಾವೇ ಎದ್ದು ನಿಂತವು. ಎದ್ದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಂಗಳದ ನಡುವೆ ನಿಂತಳು.

“ಯವ್ವಾ, ಕೂಡು. ಅಪ್ಪ ಮಾಡತಾನ,” ಎಂದಳು ಮಗಳು.

ಅವಳು ಫೋನ್ ಹಚ್ಚಿದಳು. “ಉಂಡಾನೇನ್ರಿ?”

“ಉಂಡಾನ.”

“ಸೂಜಿ?”

ಆ ಕಡೆಯಿಂದ ಏದುಸಿರು. “ಮಾಡೇನಿ. ಎಲ್ಡನೇ ಸಲಕ್ಕ ಹೋತು. ಕೈ ಪರಚ್ಯಾನ ಮಗಾ.”

“ಔಷಧಿ ಕೂದಲಿಗೆ ಹೋಗಿಲ್ಲಲ್ಲ? ಒದ್ದಿ ಆಗೇತೇನು ಮುಟ್ಟಿ ನೋಡ್ರಿ.”

“ಒಣಗೈತಿ. ನೋಡೇನಿ. ನೀ ಉಣ್ಣು ಹೋಗು.”

ನಿಜವಾಗಿ ಮಾಡಿದ್ದಾನೋ, ಹೆದರಿ ಸುಳ್ಳು ಹೇಳುತ್ತಿದ್ದಾನೋ ಎಂದು ಅವಳಿಗೆ ಒಂದು ಕ್ಷಣ ಅನಿಸಿತು. ಕೊನೆಯ ಬಸ್ಸು ಇನ್ನೂ ಇತ್ತು. ಸೀರೆಯ ಚೀಲದ ಕಡೆ ನೋಡಿದಳು. ಅಷ್ಟರಲ್ಲಿ ತಮ್ಮನ ಹೆಂಡತಿ ತಾಟು ಹಾಕಿ ಕರೆದಳು. ಮೊಮ್ಮಗು ಬಂದು ಅವಳ ಸೆರಗು ಹಿಡಿದು ಎಳೆಯಿತು. ವಿದ್ಯಾವತಿ ಕೈ ತೊಳೆದುಕೊಂಡು ಎಲ್ಲರ ಸಾಲಿನಲ್ಲಿ ಕೂತಳು. ಆ ಸಲ ಊಟ ಮುಗಿಯುವವರೆಗೆ ಏಳಲಿಲ್ಲ.